ನಾಲ್ಕು ಊರಿನ ಮೊದಲ ಪುಟ

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಚಾಳಿ. ಅವರ ಮನೆಗೆ ಬರುವ ದಿನಪತ್ರಿಕೆಯನ್ನು ಎತ್ತಿಕೊಂಡು ಮೊದಲ ಪುಟ ನೋಡುತ್ತೇನೆ. ಅದೇ ಪತ್ರಿಕೆ ನಮ್ಮ ಮನೆಗೂ ಬರುತ್ತದೆ, ಬೆಳಿಗ್ಗೆಯೇ ಅದನ್ನು ಓದಿ ಮುಗಿಸಿರುತ್ತೇನೆ. ಆದರೂ ನೋಡಬೇಕು. ಇವರ ಪ್ರತಿಯಲ್ಲೂ ಅದೇ ಸುದ್ದಿ ಅದೇ ಜಾಗದಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ಕೊಟ್ಟ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಮೊನ್ನೆ ಬೀಗರ ಮನೆಯಲ್ಲಿ ಹೀಗೆ ಮಾಡುತ್ತಿದ್ದಾಗ ನನ್ನ ಹೆಂಡತಿ ಶಾಂತಾ ಎಲ್ಲರೆದುರಿಗೇ ಅಂದುಬಿಟ್ಟಳು:

"ಅವರ ಪೇಪರಿನಾಗೂ ಸೂರ್ಯಾ ಮೂಡಣದಾಗ ಹುಟ್ಟ್ಯಾನ. ಕೆಳಗ ಇಡ್ರಿ."

ಬೀಗರು ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡುವುದು? ಆದರೆ ಈ ಗುಮಾನಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಇದನ್ನು ನನಗೆ ಹಚ್ಚಿ ಹೋದವರು ಸಂಗಪ್ಪಣ್ಣ ಎಂಬ ಸಂಪಾದಕರು. ಅವರ ವಿಷಯ ಹೇಳಬೇಕೆಂದರೆ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ಸ್ವಲ್ಪ ಎಂದದ್ದನ್ನು ನೀವು ನಂಬಬೇಕಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ 'ನಾಲ್ಕೂರ ಅಣ್ಣಂದಿರ ಮಂಡಳಿ' ಎಂಬುದೊಂದಿತ್ತು. ನಾಲ್ಕೂರು ಎಂದರೆ ಇಳಕಲ್ಲು, ಬಾಗಲಕೋಟೆ, ಬಾದಾಮಿ, ಹುನಗುಂದ. ಅಕ್ಷರಮಾಲೆಯ ಕ್ರಮದಲ್ಲಿ ಬರೆದಿದ್ದೇನೆ, ಯಾರೂ ಬೇರೆ ಅರ್ಥ ಮಾಡಿಕೊಳ್ಳಬಾರದು. ದಲಾಲಿ ವ್ಯಾಪಾರದ ಅಡತಿ ಅಂಗಡಿಯವರು, ಸೀರೆ ವ್ಯಾಪಾರದವರು, ಮಾಸ್ತರರು, ದರ್ಜಿಗಳು, ಕಲ್ಲಿನ ಕ್ವಾರಿಯವರು ಎಲ್ಲರೂ ಅದರಲ್ಲಿ ಇದ್ದರು. ಒಬ್ಬರ ಮನೆಯಲ್ಲಿ ಮದುವೆ ಇದ್ದರೆ ಉಳಿದವರು ಸೊಂಟಕ್ಕೆ ಟವೆಲ್ಲು ಸುತ್ತಿ ಬಡಿಸಲು ನಿಲ್ಲುವುದು, ಯಾರಾದರೂ ದವಾಖಾನೆ ಸೇರಿದರೆ ಪಾಳಿ ಹಚ್ಚಿ ಬುತ್ತಿ ಒಯ್ಯುವುದು, ತೀರಿಕೊಂಡರೆ ಹೆಗಲು ಕೊಡುವುದು. ಇಷ್ಟೇ ಮಂಡಳಿಯ ಕೆಲಸ. ಜಾತಿ ಕೇಳುವ ಹಾಗಿರಲಿಲ್ಲ, ಧರ್ಮ ಕೇಳುವ ಹಾಗಿರಲಿಲ್ಲ. ಕಟ್ಟುನಿಟ್ಟಾದ ನಿಯಮ ಒಂದೇ: ಸಭೆಯಲ್ಲಿ ಪ್ರತಿ ಸದಸ್ಯನನ್ನೂ 'ಅಣ್ಣ' ಎಂದೇ ಕರೆಯಬೇಕು. ವಯಸ್ಸು, ಸಂಬಂಧ ಯಾವುದೂ ಅಡ್ಡ ಬರುವಂತಿಲ್ಲ. ನಾನು ಹುನಗುಂದ ಶಾಖೆಯವನು. ನನ್ನ ಮಾವ ನೀಲಕಂಠಪ್ಪನವರು ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವರು, ಆ ಊರ ಶಾಖೆಯಲ್ಲಿ ದೊಡ್ಡ ಹೆಸರು. ಸಭೆಯಲ್ಲಿ ನಾನು ಅವರಿಗೆ 'ಅಣ್ಣಾರ' ಎನ್ನುತ್ತಿದ್ದೆ, ಅವರೂ ನನಗೆ 'ಅಣ್ಣಾರ' ಎನ್ನುತ್ತಿದ್ದರು. ಇದನ್ನು ಕೇಳಿದ ಶಾಂತಾ, "ನೀವಿಬ್ಬರೂ ಅಣ್ಣತಮ್ಮಂದಿರಾದ್ರ ನಾ ಯಾರಿಗೆ ಏನಾಗಬೇಕ್ರಿ?" ಎಂದು ಕೇಳಿದ್ದಳು. ಮಂಡಳಿಯ ನಿಯಮಾವಳಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಅಣ್ಣಂದಿರು ಎಂದ ಮೇಲೆ ಜಗಳವೂ ಇರಬೇಕಲ್ಲ. ನಾಲ್ಕು ಊರಲ್ಲಿ ಯಾವುದು ಮೊದಲು ಎಂಬುದೇ ಜಗಳ. ಬಾಗಲಕೋಟೆಯವರಿಗೆ ತಮ್ಮ ಹತ್ತಿ ಪೇಟೆಯ ಜಂಬ. ಬಾದಾಮಿಯವರಿಗೆ ಗುಹೆಗಳೂ ಬನಶಂಕರಿಯೂ ಇದ್ದುದರಿಂದ ಮಾತೇ ಬೇಕಿರಲಿಲ್ಲ, ಸುಮ್ಮನೆ ಗುಡ್ಡದ ಕಡೆ ಕೈ ತೋರಿಸುತ್ತಿದ್ದರು. ಇಳಕಲ್ಲಿನವರು ತಮ್ಮ ಸೀರೆ ಉಡದ ಹೆಣ್ಣುಮಗಳು ಈ ಸೀಮೆಯಲ್ಲೇ ಇಲ್ಲ ಎನ್ನುತ್ತಿದ್ದರು. ನಾವು ಹುನಗುಂದದವರು ಏನು ಹೇಳಿಕೊಳ್ಳಬೇಕು? ನಮ್ಮಲ್ಲಿ ತಹಸೀಲ್ದಾರ ಕಚೇರಿ ಇತ್ತು. "ಎಷ್ಟ ದೊಡ್ಡ ಊರಿದ್ರೇನ್ರಿ, ಇಳಕಲ್ಲಿನವರು ಹೊಲದ ಉತಾರಕ್ಕ ನಮ್ಮ ಊರಿಗೇ ಬರಬೇಕು" ಎಂದು ನಾವು ಮೀಸೆ ತಿರುವುತ್ತಿದ್ದೆವು. ಸಾಲಿನಲ್ಲಿ ನಿಂತು ಬೇಸತ್ತವರ ಮುಂದೆ ಮೀಸೆ ತಿರುವುವುದು ಎಂಥ ಶೌರ್ಯವೋ!

ಈ ಮಂಡಳಿಗೆ 'ನಾಲ್ಕೂರ ಬಂಧು' ಎಂಬ ಮಾಸಪತ್ರಿಕೆ ಇತ್ತು. ಅದರ ಸಂಪಾದಕರು ಸಂಗಪ್ಪಣ್ಣ. ನಾನು ಸದಸ್ಯನಾಗುವ ಮೊದಲೇ ಸಂಪಾದಕರಾಗಿದ್ದರು, ಕೊನೆಯವರೆಗೂ ಅವರೇ ಇದ್ದರು. ಹೊಟ್ಟೆಪಾಡಿಗೆ ಬಾಗಲಕೋಟೆಯ ಹತ್ತಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ದಿವಾನಜಿ. ಕರಿ ಟೋಪಿ, ಕಿವಿಯ ಮೇಲೆ ಪೆನ್ನು, ಕೋಟಿನ ಭುಜದ ಮೇಲೆ ಯಾವಾಗಲೂ ನಾಲ್ಕೆಳೆ ಅರಳೆ. ಅಂಗಡಿ ಮುಚ್ಚಿದ ಮೇಲೆ ಹಿಂದಿನ ಓಣಿಯ ಮೌಲಾಸಾಬರ ಪ್ರೆಸ್ಸಿಗೆ ಹೋಗಿ ಕೂಡುವರು. ಮೌಲಾಸಾಬರು ಒಂದೊಂದೇ ಅಚ್ಚಿನ ಮೊಳೆ ಜೋಡಿಸುವರು, ಇವರು ಎದುರಿಗೆ ಕುಳಿತು ಎಲೆಅಡಿಕೆ ಹಾಕುವರು. ಸಂಪಾದಕರ ಸಂಬಳ ಎಂದರೆ ಆ ಎಲೆಅಡಿಕೆ, ಅದನ್ನೂ ಅವರೇ ತರುತ್ತಿದ್ದರು.

ನಾನು ಆಗ ಹುನಗುಂದದ ದನದ ದವಾಖಾನೆಯಲ್ಲಿ ಕಂಪೌಂಡರ್. ಎಮ್ಮೆಗಳಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುವುದು ನನ್ನ ಕಸುಬು. ಕುಡಿಸುವಾಗ ಅವು ನನ್ನನ್ನು ನೋಡುತ್ತಿದ್ದ ರೀತಿಯಿಂದ ಸ್ಫೂರ್ತಿ ಪಡೆದು 'ಎಮ್ಮೆಯ ತಾಳ್ಮೆ' ಎಂಬ ಪ್ರಬಂಧ ಬರೆದೆ. ಅದನ್ನು ಒಯ್ದು ಸಂಗಪ್ಪಣ್ಣನವರ ಕೈಗೆ ಕೊಟ್ಟಾಗ ಅವರು ಮೊದಲಿನಿಂದ ಓದಲಿಲ್ಲ. ಹತ್ತಿ ಅಂಡಿಗೆಯ ನಡುವಿಗೆ ಬೆರಳು ಹಾಕಿ ಅರಳೆ ಎಳೆದು ನೋಡುವ ಹಾಗೆ ನಡುವಿನ ಹಾಳೆ ತೆಗೆದು ಒಂದು ಸಾಲು ಓದಿದರು. ಅದನ್ನೇ ತುಸು ಹೊತ್ತು ನೋಡಿದರು.

"ಎಳಿ ಉದ್ದ ಐತ್ರಿ" ಅಂದರು.

ಹತ್ತಿಯವರ ಬಾಯಲ್ಲಿ ಇದು ಹೊಗಳಿಕೆ. ಬರಹಕ್ಕೆ ಇದು ಹೊಗಳಿಕೆಯೋ ಅಲ್ಲವೋ ಎಂದು ನಾನು ವಿಚಾರ ಮಾಡಲಿಲ್ಲ. ವಿಚಾರ ಮಾಡುವವರು ಬರೆಯುವುದಿಲ್ಲ.

ಮುಂದಿನ ತಿಂಗಳು ಪತ್ರಿಕೆ ಬಂತು. ಮೊದಲ ಪುಟದಲ್ಲಿ ನನ್ನ ಎಮ್ಮೆ! ನನ್ನ ಹೆಸರು ದಪ್ಪ ಅಕ್ಷರದಲ್ಲಿ, ಸುತ್ತಲೂ ಬಳ್ಳಿಯ ಚೌಕಟ್ಟು. ನಾನು ಎರಡನೆಯದು ಬರೆದೆ, ಅದೂ ಮೊದಲ ಪುಟ. 'ಹುನಗುಂದದ ಗಾಳಿ', ದನಕ್ಕೆ ಕಚ್ಚುವ ಹುಳದ ಮೇಲೆ 'ನಾನು ಮತ್ತು ಉಣ್ಣೆ', ಎಲ್ಲವೂ ಮೊದಲ ಪುಟ. ಕೆಲವು ತಿಂಗಳು ಬಿಟ್ಟರೆ ವರ್ಷಗಟ್ಟಲೆ ಆ ಜಾಗ ನನ್ನ ಪಿತ್ರಾರ್ಜಿತ ಆಸ್ತಿಯಂತೆ ಆಯಿತು. ನಾನು ಖಾದಿ ಜುಬ್ಬಾ ಹೊಲಿಸಿದೆ. ಹೆಗಲಿಗೆ ಜೋಳಿಗೆ ಬಂತು. ದನದ ದವಾಖಾನೆಯಲ್ಲಿ ಯಾರಾದರೂ ಹೋರಿಗೆ ಹೊಟ್ಟೆ ಉಬ್ಬಿದೆ ಎಂದು ಓಡಿಬಂದರೆ ಮೊದಲು ಕಿಟಕಿಯ ಹೊರಗೆ ದೂರಕ್ಕೆ ನೋಡಿ, ನಿಟ್ಟುಸಿರು ಬಿಟ್ಟು, ಆಮೇಲೆ ಬಾಟಲಿ ತೆಗೆಯುತ್ತಿದ್ದೆ. ಡಾಕ್ಟರು ಒಂದು ದಿನ, "ಏನ್ರಿ, ನಿಮಗೂ ಏನರ ಉಬ್ಬರ ಆಗೇತೇನು?" ಎಂದು ಕೇಳಿದರು. ಅವರು ಮಂಡಳಿಯ ಸದಸ್ಯರಲ್ಲ, ನನ್ನ ಕೀರ್ತಿ ಅವರಿಗೆ ಗೊತ್ತಿಲ್ಲ ಎಂದು ಕ್ಷಮಿಸಿದೆ.

ನಾಲ್ಕು ಊರಲ್ಲಿ ನಾನು ಪ್ರಸಿದ್ಧನಾಗಿದ್ದೇನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಇಳಕಲ್ಲಿನಿಂದ ಒಂದು ಮಾತು ಬರಬೇಕಾಗಿತ್ತು, ಬರಲಿಲ್ಲ. ಮಾವನವರು ನನ್ನ ಬರಹದ ಬಗ್ಗೆ ತುಟಿ ಪಿಟಕ್ ಎನ್ನಲಿಲ್ಲ. ಎಮ್ಮೆಗೆ ಇಲ್ಲ, ಗಾಳಿಗೆ ಇಲ್ಲ, ಉಣ್ಣೆಗೂ ಇಲ್ಲ. ವಾರ್ಷಿಕ ಸಭೆಯಲ್ಲಿ ಎದುರಿಗೆ ಬಂದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಅವರ ಮುಖ ನೋಡುತ್ತಿದ್ದೆ. "ಮಳಿ ಹೆಂಗ್ರಿ ಅಣ್ಣಾರ?" "ಇಲ್ಲರಿ ಅಣ್ಣಾರ." ಅಷ್ಟೇ. ನಾನಾಗಿಯೇ ಎತ್ತಿದರೆ ಮರ್ಯಾದೆಯಲ್ಲ, ಅವರಾಗಿಯೇ ಎತ್ತಲಿ ಎಂದು ಕಾಯುತ್ತಿದ್ದೆ. ನೋಡಿದರೆ ಬಾದಾಮಿಯವರೂ ಬಾಗಲಕೋಟೆಯವರೂ ಹಾಗೆಯೇ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿರುತ್ತಿದ್ದರು. ಊಟ ಮುಗಿಸಿ ಎಲ್ಲರೂ ಮುಖ ಸಣ್ಣ ಮಾಡಿಕೊಂಡು ಬಸ್ಸು ಹತ್ತುತ್ತಿದ್ದರು. ಜನರಿಗೆ ಎಷ್ಟು ಹೊಟ್ಟೆಕಿಚ್ಚು ಎಂದು ನಾನು ಮರುಗುತ್ತಿದ್ದೆ.

ನಗೆಯ ಮಾತು ಇಲ್ಲಿಗೆ ಮುಗಿದಿದ್ದರೆ ಚಿಂತೆ ಇರಲಿಲ್ಲ. ನನ್ನ ಮನಸ್ಸು ಮಾವನವರ ಮೇಲೆ ಹುಳಿಯಾಯಿತು. ಅವರ ಮನಸ್ಸೂ ನನ್ನ ಮೇಲೆ ಹುಳಿಯಾಗಿತ್ತು, ಕಾರಣ ನನಗೆ ತಿಳಿದಿರಲಿಲ್ಲ. ಮೊದಲೆಲ್ಲ ಪಂಚಮಿಗೆ ಮಗಳನ್ನು ಕರೆಯಲು ತಾವೇ ಬರುತ್ತಿದ್ದರು. ಆಮೇಲೆ ಅಂಗಡಿಯ ಆಳನ್ನು ಕಳಿಸತೊಡಗಿದರು. ಒಂದು ವರ್ಷ ಆಳೂ ಬರಲಿಲ್ಲ. ಶಾಂತಾ ಆ ದಿನ ಉಂಡಿ ಕಟ್ಟಿ ಡಬ್ಬಿಗೆ ತುಂಬಿ, ಬಾಗಿಲಲ್ಲಿ ಬಹಳ ಹೊತ್ತು ಕುಳಿತಿದ್ದಳು. ನಾನು ಒಳಗೆ 'ಸಂಬಂಧಗಳ ಸೊಗಸು' ಎಂಬ ಪ್ರಬಂಧ ಬರೆಯುತ್ತಿದ್ದೆ.

ಹೀಗಿರುವಾಗ ಬಸ್ಸಿಗೆ ಹೊಸ ಕಂಡಕ್ಟರ್ ಒಬ್ಬ ಬಂದ. ಬಾಗಲಕೋಟೆಯಿಂದ ಹೊರಟ ಬಸ್ಸು ಅಮೀನಗಡದ ಮೇಲೆ ಹುನಗುಂದಕ್ಕೆ ಬಂದು ಮುಂದೆ ಇಳಕಲ್ಲಿಗೆ ಹೋಗುತ್ತಿತ್ತು. ಎರಡೂ ಊರಿನ ಪತ್ರಿಕೆಯ ಗಂಟುಗಳನ್ನು ಸಂಗಪ್ಪಣ್ಣ ಅಂಡಿಗೆ ಹೊಲಿಯುವ ದಾರದಿಂದ ತಾವೇ ಬಿಗಿದು ಆ ಬಸ್ಸಿಗೆ ಹಾಕುತ್ತಿದ್ದರು. ನಮ್ಮ ಗಂಟನ್ನು ಇಳಿಸಿಕೊಳ್ಳುವ ಕೆಲಸ ನಾನೇ ವಹಿಸಿಕೊಂಡಿದ್ದೆ. ಸೇವಾಭಾವ ಅಂದುಕೊಳ್ಳಬೇಡಿ, ನನ್ನ ಹೆಸರನ್ನು ಊರಿಗಿಂತ ಮೊದಲು ನಾನು ನೋಡಬೇಕಾಗಿತ್ತು. ಆ ಸಲ ಹೊಸ ಕಂಡಕ್ಟರ್ ಹುನಗುಂದದಲ್ಲಿ ಇಳಕಲ್ಲಿನ ಗಂಟನ್ನು ಇಳಿಸಿ, ನಮ್ಮದನ್ನು ಇಳಕಲ್ಲಿಗೆ ಒಯ್ದ. ಗಂಟಿನ ಮೇಲೆ ಊರ ಹೆಸರು ಬರೆದಿತ್ತು, ನಾನು ನೋಡಿದರಲ್ಲವೇ? ಹಲ್ಲಿನಿಂದಲೇ ದಾರ ಕಡಿದು ಬಿಚ್ಚಿದೆ.

ಮೊದಲ ಪುಟದಲ್ಲಿ ನಾನಿಲ್ಲ. ಬಳ್ಳಿಯ ಚೌಕಟ್ಟು ಇದೆ, ಅದರ ಒಳಗೆ ಒಂದು ಪದ್ಯ:

'ಸೆರಗ ನೋಡಿರಣ್ಣ ಸೆರಗಿನ ಮೆರುಗ ನೋಡಿರಣ್ಣ,
ಎರಗಿ ಬಂದ ಗಿರಾಕಿಯ ಬೆರಗ ನೋಡಿರಣ್ಣ!'

ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಮಾವನವರ ಹೆಸರು. ಒಳಪುಟ ತಿರುವಿದೆ, ಹಿಂದಿನ ಪುಟ ನೋಡಿದೆ. ನನ್ನ ಪ್ರಬಂಧ ಎಲ್ಲಿಯೂ ಇರಲಿಲ್ಲ. ಸಂಗಪ್ಪಣ್ಣನವರ ಮನೆಯವರಿಗೆ ಇಳಕಲ್ಲ ಸೀರೆ ಉಡಿಸಿ ಮುದುಕ ನನ್ನ ಜಾಗ ಹೊಡೆದ ಎಂದು ರಕ್ತ ಕುದಿಯಿತು. ಮನೆಗೆ ಹೋಗಿ ಶಾಂತಾಳ ಮುಂದೆ ಕೂಗಾಡಿದೆ. ಅವಳು ಪುಟವನ್ನು ನೋಡಿದಳು, ನನ್ನನ್ನು ನೋಡಿದಳು, ರೊಟ್ಟಿ ಬಡಿಯತೊಡಗಿದಳು. ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಸಂಪಾದಕರನ್ನು ವಿಚಾರಿಸಿಯೇ ಬರುತ್ತೇನೆಂದು ಬಾಗಲಕೋಟೆಯ ಬಸ್ಸು ಹತ್ತಿದೆ.

ಬಸ್ಸು ಇಳಕಲ್ಲಿನಿಂದ ಬಂದದ್ದು. ತುಂಬಿತ್ತು. ಖಾಲಿ ಇದ್ದದ್ದು ಒಂದೇ ಜಾಗ, ಅದರ ಪಕ್ಕದಲ್ಲಿ ಕಿಟಕಿಗೆ ಕುಳಿತವರು ನನ್ನ ಮಾವ. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ನನ್ನನ್ನು ಕಂಡವರೇ ಮುಖವನ್ನು ಕಿಟಕಿಗೆ ತಿರುಗಿಸಿದರು. ನಾನು ಅರ್ಧ ಅಂಡಿನ ಮೇಲೆ ಕುಳಿತೆ. ಕಂಡಕ್ಟರ್ ಬಂದು, "ಇಬ್ಬರೂ ಕೂಡೇ ಏನ್ರಿ?" ಎಂದು ಕೇಳಿದ. "ಅಲ್ಲ" ಎಂದು ಇಬ್ಬರೂ ಕೂಡಿಯೇ ಹೇಳಿದೆವು.

ಅಮೀನಗಡದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಕರದಂಟಿನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಮಾವನವರು ಕುಳಿತರು. ಬೇರೆ ಬೆಂಚು ಇರಲಿಲ್ಲವೆಂದು ನಾನೂ ಕುಳಿತೆ. ಅವರ ಸಹನೆ ಮೊದಲು ಒಡೆಯಿತು.

"ಏನ್ರಿ ಅಳಿಯಂದ್ರ, ಏನೋ ಒಂದ ಪ್ರಬಂಧಾ ಬರದು ನನ್ನ ಪದ್ಯಾ ತಗಿಸಿಬಿಟ್ರೇನು?"

"ನಾ ತಗಿಸಿದ್ನಿ? ನನ್ನ ಲೇಖನಾ ಎಲ್ಲೈತಿ ತೋರಸ್ರಿ ಮಾಮಾರ! ಪುಟದ ತುಂಬ ನಿಮ್ಮ ಸೆರಗು ಹಾಸಿಕೊಂಡು ಕುಂತೈತಿ."

"ಎಲ್ಲಿ ಕುಂತೈತಿ? ತರ್ರಿ ಇಲ್ಲೆ."

ನಾನು ನನ್ನ ಪ್ರತಿ ಬಿಚ್ಚಿದೆ, ಅವರು ಅವರದನ್ನು ಬಿಚ್ಚಿದರು. ಗಾಳಿಗೆ ಹಾರದಂತೆ ಮೇಲೆ ಚಹಾದ ಗ್ಲಾಸು ಇಟ್ಟೆವು. ಅದೇ ಪತ್ರಿಕೆ, ಅದೇ ತಿಂಗಳು, ಅದೇ ಬಳ್ಳಿ. ನನ್ನ ಕೈಗೆ ಬಂದದ್ದರಲ್ಲಿ ಅವರ ಪದ್ಯ. ಅವರ ಕೈಗೆ ಬಂದದ್ದರಲ್ಲಿ ನನ್ನ ಪ್ರಬಂಧ. ನಾವು ಎರಡನ್ನೂ ಬಹಳ ಹೊತ್ತು ನೋಡಿದೆವು.

"ಹ್ವಾದ ತಿಂಗಳ ಮೊದಲನೇ ಪುಟದಾಗ ಯಾರಿದ್ರು?" ಎಂದು ಮಾವನವರು ಮೆಲ್ಲಗೆ ಕೇಳಿದರು.

"ನಾ ಇದ್ನಿ."

"ನಾನೂ ಇದ್ನೆಲ್ಲರಿ. ಹ್ವಾದ ದೀಪಾವಳಿಗೆ?"

"ನಾನ."

"ನಾನೂ."

ಡ್ರೈವರ್ ಹಾರ್ನು ಬಾರಿಸಿದ. ಇಬ್ಬರೂ ಏಳಲಿಲ್ಲ.

"ಅಂದ್ರ ನೀವು ನನ್ನ ಪದ್ಯಾ ಒಂದೂ ಓದಿಲ್ಲ?"

"ನನಗ ಬಂದ ಇಲ್ಲರಿ. ನೀವು ನನ್ನವು?"

"ನೀವು ಬರೀತೀರಿ ಅನ್ನೂದ ಇವತ್ತ ಗೊತ್ತಾತು" ಅಂದರು ಮಾವನವರು. "ಅಳಿಯಗ ಸೊಕ್ಕು ಬಂದೈತಿ, ಇಷ್ಟ ಬರದ್ರೂ ಒಂದ ಮಾತ ಆಡವಲ್ಲ ಅಂತ ಸಿಟ್ಟಿಗೆದ್ದು ಪಂಚಮಿಗೆ ಬರೂದ ಬಿಟ್ನೆಲ್ಲೋ ಯಪ್ಪಾ."

ಅವರು ನನಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ನನಗೆ ಅದು ಕೇಳಿ ಏಕೋ ಹಗುರವಾಯಿತು. ಓಡಿಹೋಗಿ ಬಸ್ಸು ಹತ್ತಿದೆವು, ಈ ಸಲ ನಾನು ಪೂರ್ತಿ ಕುಳಿತೆ.

ಅಡತಿ ಅಂಗಡಿಯಲ್ಲಿ ಸಂಗಪ್ಪಣ್ಣ ಗಾದಿಯ ಮೇಲೆ ಕುಳಿತಿದ್ದರು. ನಾವು ಜೊತೆಯಾಗಿ ಹೊಸ್ತಿಲು ದಾಟಿದ್ದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇಬ್ಬರೂ ಕೂಡೇ ಬಂದ್ರಿ ಅಂದಮ್ಯಾಲ ತಿಳೀತು. ಯಾವ ಕಂಡಕ್ಟರ್ರಿ ಅಂವಾ?"

ಬೈಯಬೇಕೆಂದು ಬಂದವರಿಗೆ ಮೊದಲು ಚಹಾ ಬಂತು. ಆಮೇಲೆ ಅವರು ಎಲ್ಲ ಹೇಳಿದರು. ಒಳಪುಟಗಳು ನಾಲ್ಕೂ ಊರಿಗೆ ಒಂದೇ. ಮೊದಲ ಪುಟ ಮಾತ್ರ ಊರಿಗೊಂದು. ಮೌಲಾಸಾಬರು ಒಂದು ಊರಿನದನ್ನು ಅಚ್ಚು ಹಾಕಿ, ಮೊಳೆ ಬಿಚ್ಚಿ, ಅದೇ ಚೌಕಟ್ಟಿನಲ್ಲಿ ಇನ್ನೊಂದು ಊರಿನದನ್ನು ಕೂಡಿಸುತ್ತಿದ್ದರು. ಪತ್ರಿಕೆ ಶುರುವಾದಾಗ ಹೀಗಿರಲಿಲ್ಲವಂತೆ. ಒಂದು ಸಲ ಬಾದಾಮಿ ಮೊದಲು ಬಂತೆಂದು ಇಳಕಲ್ಲಿನವರು ಗಂಟನ್ನು ಬಿಚ್ಚದೆ ಮರಳಿ ಕಳಿಸಿದರು. ಇಳಕಲ್ಲು ಮೊದಲು ಬಂದ ತಿಂಗಳು ಬಾಗಲಕೋಟೆಯವರು ಸಭೆಗೇ ಬರಲಿಲ್ಲ. ಬಾದಾಮಿಯ ಒಬ್ಬ ಅಣ್ಣ ತೀರಿಕೊಂಡಾಗ ಹುನಗುಂದದಿಂದ ಒಬ್ಬರೂ ಹೋಗಲಿಲ್ಲ, ಹಿಂದಿನ ಸಂಚಿಕೆಯಲ್ಲಿ ನಮ್ಮ ಊರು ಕೊನೆಗೆ ಬಂದಿತ್ತೆಂಬ ಸಿಟ್ಟಿಗೆ.

"ಅವತ್ತ ಆ ಮನಿ ಮುಂದ ನಿಂತಿದ್ನೆರಿ" ಅಂದರು ಸಂಗಪ್ಪಣ್ಣ. "ಹೆಗಲ ಕೊಡಾಕ ಮಂದಿ ಸಾಲದ ಓಣ್ಯಾಗಿನವರನ್ನ ಕರದ್ವಿ. ಆಮ್ಯಾಲ ಬಂದು ಮೌಲಾಸಾಬಗ ಹೇಳಿದ್ನಿ, ಮೊದಲನೇ ಪುಟಾ ನಾಲ್ಕ ಕಟ್ಟು ಅಂತ."

"ಆದ್ರೂ ಇದು ಮೋಸ ಅಲ್ಲೇನ್ರಿ ಅಣ್ಣಾರ?" ಅಂದರು ಮಾವನವರು.

"ಖರೆ, ಮೋಸನ. ಅದರ ನಂತರ ಯಾವ ಊರಾಗರ ಹೆಗಲ ಸಾಲದ ಹೋಗ್ಯಾವೇನು, ಹೇಳ್ರಿ."

ಮಾವನವರು ಚಹಾದ ಗ್ಲಾಸು ಕೆಳಗಿಟ್ಟರು. ನನಗೆ ಮಾತ್ರ ಇನ್ನೊಂದು ಚಿಂತೆ ಕೊರೆಯುತ್ತಿತ್ತು, ನಾಚಿಕೆ ಬಿಟ್ಟು ಕೇಳಿದೆ:

"ಹಂಗಾದ್ರ ನನ್ನ ಎಮ್ಮಿ ಬಾದಾಮಿಗೆ ಹೋಗೇ ಇಲ್ಲರಿ?"

"ಇಲ್ಲ. ಹುನಗುಂದದಾಗ ಮೇಯಾಕತ್ತೈತಿ."

ಹುನಗುಂದ ಶಾಖೆಯ ಸದಸ್ಯರನ್ನು ಎರಡು ಕೈಯ ಬೆರಳು ಮಡಚಿ ಎಣಿಸಬಹುದಾಗಿತ್ತು. ಅದರಲ್ಲಿ ಇಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ನನ್ನ ಕೀರ್ತಿಯ ಸರಹದ್ದು ಅವತ್ತು ನನಗೆ ತಿಳಿಯಿತು.

ಮರಳಿ ಬರುವಾಗ ಬಸ್ಸಿನಲ್ಲಿ ನಾವು ಕೈಯಲ್ಲಿದ್ದ ಪ್ರತಿಗಳನ್ನು ಮತ್ತೆ ಬಿಚ್ಚಿದೆವು. ಇಷ್ಟು ವರ್ಷ ಒಬ್ಬರ ಒಂದು ಮಾತಿಗಾಗಿ ಒಬ್ಬರು ಕಾದವರು, ಈಗ ಓದಿಯೇ ಬಿಡೋಣ ಎಂದು. ಮಾವನವರು ನನ್ನ ಪ್ರಬಂಧದ ಮೇಲೆ ಬೆರಳಿಟ್ಟುಕೊಂಡು ಶುರುಮಾಡಿದರು. ಕಮತಗಿ ಬರುವುದರೊಳಗೆ ಬೆರಳು ಅಲ್ಲೇ ಇತ್ತು, ಅವರಿಗೆ ನಿದ್ದೆ ಹತ್ತಿತ್ತು. ನಾನು ಅವರ ಪದ್ಯ ಪೂರ್ತಿ ಓದಿದೆ. ಸೆರಗು, ಮೆರುಗು, ಬೆರಗು ಆದ ಮೇಲೆ ಕೊರಗು, ಸೊರಗು, ಕರಗು ಎಲ್ಲವೂ ಪಾಳಿಯಂತೆ ಬಂದವು. ಕೊನೆಗೆ ಅಂಗಡಿಯ ವಿಳಾಸ ಇತ್ತು. ಹುನಗುಂದ ಬಂದಾಗ ಅವರು ಎಚ್ಚರಾಗಿ, "ಭಾಳ ಛಲೋ ಬರದೀರಿ" ಅಂದರು. "ನೀವು ನನಗಿಂತ ಛಲೋ ಬರದೀರಿ" ಅಂದೆ. ಇಬ್ಬರೂ ಸುಳ್ಳು ಹೇಳಿದೆವು, ಇಬ್ಬರಿಗೂ ಗೊತ್ತಿತ್ತು, ಇಬ್ಬರಿಗೂ ಸಂತೋಷವಾಯಿತು.

ಅವರು ನನ್ನ ಜೊತೆಯೇ ಇಳಿದರು. ಶಾಂತಾ ಬಾಗಿಲು ತೆರೆದು ಅಪ್ಪನನ್ನೂ ಗಂಡನನ್ನೂ ಒಟ್ಟಿಗೆ ನೋಡಿ ಹಾಗೇ ನಿಂತಳು. ನಾವು ದೊಡ್ಡ ಶೋಧ ಮಾಡಿ ಬಂದವರಂತೆ ಎಲ್ಲ ವಿವರಿಸಿದ ಮೇಲೆ ಅವಳು ಹೇಳಿದಳು:

"ನನಗ ಮೊದಲ ಗೊತ್ತಿತ್ತು. ತವರಮನ್ಯಾಗ ಬ್ಯಾರೆ ಬರತೈತಿ, ಇಲ್ಲೆ ಬ್ಯಾರೆ ಬರತೈತಿ."

"ಮತ್ತ ಹೇಳಬಾರದೇನವಾ?" ಅಂದರು ಮಾವನವರು.

"ಹೆಂಗ ಹೇಳಲೆಪ್ಪಾ? ಇಬ್ಬರೂ ಮೊದಲನೇ ಪುಟದಾಗ ಕುಂತೀರಿ. ಯಾರನ್ನ ಎಬ್ಬಸಲಿ?"

ಹಾಗೆಂದು ಒಳಗೆ ಹೋದಳು. ನೀರು ಕೇಳುವ ನೆವದಿಂದ ಹಿಂದೆಯೇ ಹೋದೆ. ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಷ್ಟು ವರ್ಷ ನನ್ನ ಹೆಸರನ್ನೇ ನೋಡಿಕೊಂಡ ನಾನು ಅವಳ ಮುಖವನ್ನು ನೋಡಿರಲಿಲ್ಲ ಅನ್ನಿಸಿ ಬಹಳ ಕೆಟ್ಟದೆನಿಸಿತು. ನೀರು ಕುಡಿಯದೆ ಹೊರಗೆ ಬಂದೆ.

ಗುಟ್ಟು ನಮ್ಮಿಬ್ಬರಲ್ಲಿ ಉಳಿಯಲಿಲ್ಲ. ಬನಶಂಕರಿಯ ಛತ್ರವೊಂದರಲ್ಲಿ ಸಭೆ ಸೇರಿತು. ನಾಲ್ಕೂ ಊರಿನವರು ತಮ್ಮ ತಮ್ಮ ಮೊದಲ ಪುಟ ಹಿಡಿದು ಕೂಗಾಡಿದರು. ಬಾದಾಮಿಯ ಒಬ್ಬರು ತಮ್ಮ ಧಾರಾವಾಹಿಯನ್ನು ಮೂರು ಊರಿನವರು ಓದಿಯೇ ಇಲ್ಲವೆಂದು ತಿಳಿದು ನೆಲಕ್ಕೆ ಕುಳಿತುಬಿಟ್ಟರು. ಇನ್ನು ಮುಂದೆ ಮೊದಲ ಪುಟ ಒಂದೇ ಇರಬೇಕು, ಅದರಲ್ಲಿ ಏನಿರಬೇಕೆಂದು ನಾಲ್ಕು ಊರಿನ ಸಮಿತಿ ತೀರ್ಮಾನಿಸಬೇಕು ಎಂದು ಠರಾವು ಆಯಿತು. ಸಂಗಪ್ಪಣ್ಣ ಮೂಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. "ಛಲೋ ಆತ್ರಿ" ಎಂದಷ್ಟೇ ಹೇಳಿದರು.

ಸಮಿತಿ ಕೂಡಿತು, ಮತ್ತೆ ಕೂಡಿತು. ಪತ್ರಿಕೆ ಮಾತ್ರ ಬರಲಿಲ್ಲ. ತಿಂಗಳ ಮೇಲೆ ತಿಂಗಳು ಹೋಯಿತು. ಇಳಕಲ್ಲಿನ ಒಂದು ಮದುವೆಯಲ್ಲಿ ಬಡಿಸಲು ಬಾಗಲಕೋಟೆಯವರು ಬರಲಿಲ್ಲ ಎಂಬ ಮಾತು ಕೇಳಿತು. ನನಗೆ ಮಂಡಳಿಯ ಚಿಂತೆಯೋ ನನ್ನ ಕಪಾಟಿನಲ್ಲಿ ಕೊಳೆಯುತ್ತಿದ್ದ ಪ್ರಬಂಧಗಳ ಚಿಂತೆಯೋ, ಒಂದು ದಿನ ಯಾರಿಗೂ ಹೇಳದೆ ಸಂಗಪ್ಪಣ್ಣನವರ ಅಂಗಡಿಗೆ ಹೋದೆ. ಒಳಗಿನಿಂದ ನನ್ನ ಮಾವನವರು ಹೊರಗೆ ಬರುತ್ತಿದ್ದರು.

"ಹತ್ತಿ ಧಾರಣಿ ಕೇಳಾಕ ಬಂದಿದ್ನಿ" ಅಂದರು.

"ನಾನೂ ಅದಕ್ಕ ಬಂದೇನಿ" ಅಂದೆ. ನನ್ನ ಕೈಯಲ್ಲಿ ಪ್ರಬಂಧ ಇತ್ತು, ಅವರ ಕಿಸೆಯಿಂದ ಪದ್ಯ ಇಣುಕುತ್ತಿತ್ತು.

ಒಳಗೆ ಹೋಗಿ, "ಮೊದಲಿನಂಗ ಮಾಡ್ರಿ ಅಣ್ಣಾರ. ಉಳದ ಊರಿನವರಿಗೆ ಹೇಳಬ್ಯಾಡ್ರಿ" ಅಂದೆ. ಸಂಗಪ್ಪಣ್ಣ ನಗಲಿಲ್ಲ, ಅದು ಅವರ ದೊಡ್ಡತನ. "ಉಳದ ಮೂರೂ ಊರಿನವರು ಇದನ್ನ ಹೇಳಿ ಹೋದ್ರು. ನೀವ ತಡಾ ಮಾಡಿದ್ರಿ" ಅಂದರು. ನನ್ನ ಪ್ರಬಂಧದ ನಡುವಿನ ಹಾಳೆ ತೆಗೆದು ಒಂದು ಸಾಲು ಓದಿ ಕಿವಿಯಿಂದ ಪೆನ್ನು ತೆಗೆದರು.

ಮುಂದಿನ ತಿಂಗಳು ಪತ್ರಿಕೆ ಬಂತು. ನಾನು ಮೊದಲ ಪುಟದಲ್ಲಿದ್ದೆ, ಇಳಕಲ್ಲಿನಲ್ಲಿ ಮಾವನವರು ಮೊದಲ ಪುಟದಲ್ಲಿದ್ದರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ಯಾರೂ ಏನೂ ಅನ್ನಲಿಲ್ಲ. ಪಂಚಮಿಗೆ ಮಾವನವರು ತಾವೇ ಬಂದರು. ಇಳಕಲ್ಲಿನ ಮದುವೆಗಳಲ್ಲಿ ಬಾಗಲಕೋಟೆಯವರು ಮತ್ತೆ ಸೊಂಟಕ್ಕೆ ಟವೆಲ್ಲು ಸುತ್ತಿದರು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಸಂಗಪ್ಪಣ್ಣನವರಿಗೆ ದಮ್ಮು ಹತ್ತಿತು. ಹತ್ತಿಯ ಧೂಳಿನಲ್ಲಿ ಆಯುಷ್ಯ ಕಳೆದವರು. ದವಾಖಾನೆಯಲ್ಲಿ ಇದ್ದಷ್ಟು ದಿನ ನಾಲ್ಕೂ ಊರಿನಿಂದ ಬುತ್ತಿ ಹೋಯಿತು, ಅವರು ಎಲ್ಲರ ಬುತ್ತಿಯಿಂದಲೂ ಒಂದೊಂದು ತುತ್ತು ತಿಂದು "ರೊಟ್ಟಿ ಅಂದ್ರ ನಿಮ್ಮ ಊರಿನ ರೊಟ್ಟಿ" ಎಂದು ಎಲ್ಲರಿಗೂ ಹೇಳಿ ಕಳಿಸಿದರಂತೆ. ಒಂದು ಬೆಳಿಗ್ಗೆ ಹೋಗಿಬಿಟ್ಟರು. ನಾವು ಬಾಗಲಕೋಟೆ ಮುಟ್ಟಿದಾಗ ಓಣಿ ಹಿಡಿಸಲಾರದಷ್ಟು ಜನ. ಎತ್ತುವ ಹೊತ್ತಿಗೆ, ಮುಂದೆ ಯಾವ ಊರಿನವರು ಹೆಗಲು ಕೊಡಬೇಕು ಎಂದು ಗುಸುಗುಸು ಎದ್ದಿತು. ದನಿ ಏರತೊಡಗಿತು.

ಮಾವನವರು ಎಲ್ಲರನ್ನೂ ಸರಿಸಿ ನಡುವೆ ನಿಂತರು. "ಸುಮ್ಮನಿರ್ರೋ. ಇವರಿದ್ದಿದ್ರ ನಾಲ್ಕೂ ಊರಿಗೆ ಮುಂದಿನ ಜಾಗಾನ ಕೊಡತಿದ್ರು. ನಮಗ ಅಷ್ಟು ಬುದ್ಧಿ ಇಲ್ಲ" ಅಂದರು. ಓಣಿಯ ಒಂದೊಂದು ತಿರುವಿಗೆ ಒಂದೊಂದು ಊರಿನವರು ಮುಂದಾಗುತ್ತ ಹೋದೆವು.

ಮುಂದಿನ ಸಂಚಿಕೆಗೆ ಅವರ ಮೇಲೆ ಬರೆಯುವ ಕೆಲಸ ನನಗೆ ಬಂತು. ದವಾಖಾನೆಗೆ ರಜೆ ಹಾಕಿ ಹಾಳೆಗಟ್ಟಲೆ ಬರೆದೆ. ಬರೆಯುತ್ತ ಕಣ್ಣು ಒದ್ದೆಯಾಯಿತು, ಇದೇ ನನ್ನ ಶ್ರೇಷ್ಠ ಬರಹ ಅನ್ನಿಸಿತು. ಮಾವನವರಿಗೆ ತೋರಿಸಿದೆ. ಈ ಸಲ ಅವರಿಗೆ ನಿದ್ದೆ ಬರಲಿಲ್ಲ. ಕೊನೆಯ ಸಾಲಿನವರೆಗೂ ಓದಿ ಹಾಳೆಗಳನ್ನು ಕೆಳಗಿಟ್ಟರು.

"ಇದರಾಗ ಸಂಗಪ್ಪಣ್ಣ ಎಲ್ಲಿ ಅದಾನ್ರಿ? ಬರೇ ನೀವ ಅದೀರಿ."

ನನಗೆ ಸಿಟ್ಟು ಬಂತು. ಆಮೇಲೆ ಪೆನ್ನು ಹಿಡಿದು ಇಬ್ಬರೂ ಕುಳಿತೆವು. 'ನಾನು' ಬಂದಲ್ಲೆಲ್ಲ ಹೊಡೆದು ಹಾಕುತ್ತ ಹೋದಾಗ ಉಳಿದದ್ದು ನಾಲ್ಕಾರು ಸಾಲು. ಬಾಗಲಕೋಟೆಯ ದಿವಾನಜಿಯೊಬ್ಬರು ನಾಲ್ಕು ಊರನ್ನು ಕೂಡಿಸಿ ಇಟ್ಟಿದ್ದರು, ಇನ್ನು ನಾವೇ ಕೂಡಿ ಇರಬೇಕು ಎನ್ನುವಷ್ಟು. ಅದನ್ನು ಪ್ರೆಸ್ಸಿಗೆ ಒಯ್ದೆವು. ಮೌಲಾಸಾಬರು ಓದಿ ಮೊಳೆಯ ಪೆಟ್ಟಿಗೆ ಎಳೆದುಕೊಂಡರು. ಆಮೇಲೆ ರೂಢಿಯಂತೆ ಕೇಳಿದರು:

"ಮೊದಲನೇ ಪುಟಾ ನಾಲ್ಕ ಥರಾ ಕಟ್ಟಲೇನ್ರಿ?"

"ಬ್ಯಾಡ್ರಿ ಅಣ್ಣಾರ. ಒಂದ ಕಟ್ರಿ" ಅಂದರು ಮಾವನವರು.

ಗಂಟು ಬಂದ ದಿನ ನಾನು ಎಂದಿನಂತೆ ಸ್ಟ್ಯಾಂಡಿಗೆ ಹೋಗಿ ಬಿಚ್ಚಿದೆ. ಬಳ್ಳಿಯ ಚೌಕಟ್ಟಿನಲ್ಲಿ ಆ ನಾಲ್ಕಾರು ಸಾಲು, ಬರೆದವರ ಹೆಸರು ಇಲ್ಲ. ಬಾದಾಮಿಯಲ್ಲೂ ಇಳಕಲ್ಲಿನಲ್ಲೂ ಬಾಗಲಕೋಟೆಯಲ್ಲೂ ಆ ಹೊತ್ತಿಗೆ ಇದನ್ನೇ ಬಿಚ್ಚಿ ನೋಡುತ್ತಿದ್ದರು. ಯಾವ ಊರಿನಿಂದಲೂ ಗಂಟು ಮರಳಿ ಹೋಗಲಿಲ್ಲ. ನಾನು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಜನರೆದುರಿಗೇ ಅತ್ತುಬಿಟ್ಟೆ. ಸಂಗಪ್ಪಣ್ಣ ಹೋದರಲ್ಲ ಎಂಬ ದುಃಖ ಅದರಲ್ಲಿ ಎಷ್ಟಿತ್ತು, ಇನ್ನು ನನ್ನಂಥವನನ್ನು ಮೊದಲ ಪುಟದಲ್ಲಿ ಕೂಡಿಸುವವರು ಯಾರೂ ಇಲ್ಲವಲ್ಲ ಎಂಬ ದುಃಖ ಎಷ್ಟಿತ್ತು ಎಂದು ಆಗ ಬೇರೆ ಮಾಡಲು ಆಗಲಿಲ್ಲ. ಈಗಲೂ ಆಗಿಲ್ಲ.